ಮಾವನ ಎದೆಯ ಸೀಡಿ

ಕಂಪ್ಯೂಟರಿನಲ್ಲಿ ಬರೆದ ಸೀಡಿಯ ಹೊಳೆಯುವ ಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಎಲ್ಲಿಯವರೆಗೆ ಬರೆದಿದೆ, ಎಲ್ಲಿಂದ ಖಾಲಿ ಎನ್ನುವುದು ಬರಿಗಣ್ಣಿಗೇ ಕಾಣುತ್ತದೆ. ನಡುವಿನ ತೂತಿನ ಸುತ್ತ ಮಬ್ಬಾದ ಒಂದು ಬಳೆ, ಅದರಾಚೆ ತಿಳಿ. ಇದನ್ನು ನಾನು ಮೊದಲು ಗಮನಿಸಿದ್ದು ಹುಣಸೂರು ಬಸ್ ನಿಲ್ದಾಣದಲ್ಲಿ. ಆ ಮಬ್ಬು ಬಳೆಯೊಳಗೆ ಇದ್ದದ್ದು ನನ್ನ ಸೋದರಮಾವನ ಹೃದಯ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಮಾವ ಸಣ್ಣೇಗೌಡರು ಬೆಟ್ಟದಪುರದ ಹತ್ತಿರದ ಹಳ್ಳಿಯವರು, ಹೊಗೆಸೊಪ್ಪು ಬೆಳೆಯುವವರು. ಕೂತಲ್ಲಿ ಕೂರುವ ಆಸಾಮಿಯಲ್ಲ. ಉಣ್ಣುವಾಗಲೂ ಎರಡು ಸಲ ಎದ್ದು ಹೋಗಿ ದನ ನೋಡಿ ಬರುವವರು. ಅಂಥವರು ಒಂದು ದಿನ ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತುಬಿಟ್ಟರಂತೆ. ಮೈಸೂರಿಗೆ ಕರೆದುಕೊಂಡು ಹೋಗುವ ಕೆಲಸ ನನಗೆ ಬಂತು. ನಾನು ಕೆ.ಆರ್. ನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ವಿಜ್ಞಾನದ ಟೀಚರು ಎಂದರೆ ಅರ್ಧ ಡಾಕ್ಟರು ಎಂಬುದು ನಮ್ಮ ಕುಟುಂಬದ ನಂಬಿಕೆ. ಕಪ್ಪೆಯದನ್ನು ಬಿಟ್ಟರೆ ಬೇರೆ ಯಾವ ಪ್ರಾಣಿಯ ಹೃದಯವನ್ನೂ ನಾನು ಕಂಡವಳಲ್ಲ.

ಆಸ್ಪತ್ರೆಯಲ್ಲಿ ಮಾವನ ತೊಡೆಯಿಂದ ಸಣ್ಣ ಕೊಳವೆ ತೂರಿಸಿ, ಹೃದಯದ ರಕ್ತನಾಳಗಳಿಗೆ ಬಣ್ಣದ ಮದ್ದು ಬಿಟ್ಟು, ಅದು ಹರಿಯುವುದನ್ನು ಚಿತ್ರ ತೆಗೆದರು. ನಾಳಗಳು ಕಟ್ಟಿವೆ, ಆಪರೇಷನ್ ಆಗಲೇಬೇಕು, ತಡ ಮಾಡಬೇಡಿ ಎಂದು ಹೇಳಿ, ಬೇರೆ ಡಾಕ್ಟರಿಗೆ ತೋರಿಸುವುದಾದರೆ ಇರಲಿ ಎಂದು ಒಂದು ಸೀಡಿಯನ್ನೂ ಕೊಟ್ಟರು. ಮಾವ ಮಂಚದಿಂದ ಇಳಿದು ಅಂಗಿ ಹಾಕಿಕೊಂಡರು.

"ಅವ್ರು ನೋಡವ್ರೆ, ನಾನು ನೋಡಿಲ್ವಲ್ಲವ್ವ. ನಾ ನೋಡ್ದೆ ನನ್ನೆದೆ ಕುಯ್ಯಕ್ಕೆ ಬುಡಾಕಿಲ್ಲ," ಅಂದರು. "ಮನೇಲಿ ಸೀಡಿ ಪ್ಲೇಯರ್ ಅದೆ. ಆಕ್ಕೊಂಡು ನೋಡುವ, ನಡಿ."

ಹೊಗೆಸೊಪ್ಪಿನ ಒಂದೊಂದು ಎಲೆಯನ್ನೂ ಬಿಸಿಲಿಗೆ ಹಿಡಿದು ನೋಡಿಯೇ ದರ್ಜೆ ಕಟ್ಟುವ ಮನುಷ್ಯ. ಡಾಕ್ಟರ ಮಾತಿಗೂ ಅದೇ ನ್ಯಾಯ. ಬಸ್ಸಿನಲ್ಲಿ ಅವರು ಕೂತ ಹೊತ್ತಿಗಿಂತ ನಿಂತ ಹೊತ್ತೇ ಹೆಚ್ಚು. ಬಸ್ ನಿಂತಲ್ಲೆಲ್ಲ ಸೀಡಿಯನ್ನು ಹೊರಗೆ ತೆಗೆಯುವುದು, ಅದರಲ್ಲಿ ಮೀಸೆ ನೋಡಿಕೊಳ್ಳುವುದು, ಆಸ್ಪತ್ರೆಯ ಚೀಟಿ ಅಂಟಿಸಿದ ಬದಿಯನ್ನು ಉಗುರಿನಿಂದ ಕೆರೆಯುವುದು. ಒಂದೊಂದು ಸಲ ಕೆರೆದಾಗಲೂ ನನ್ನ ಜೀವ ಹೋಗಿ ಬರುತ್ತಿತ್ತು. ಯಾಕೆಂದು ಹೇಳಬೇಕಾದರೆ ಈ ತಟ್ಟೆಯ ಹುಟ್ಟನ್ನೇ ಹೇಳಬೇಕು.

ಗಟ್ಟಿ ಪ್ಲಾಸ್ಟಿಕ್ಕಿನ ಹರಳುಗಳನ್ನು ಕರಗಿಸಿ ಅಚ್ಚಿನಲ್ಲಿ ಒತ್ತಿದರೆ ಗಾಜಿನಂಥ ತಿಳಿ ಬಿಲ್ಲೆ ಬರುತ್ತದೆ. ಅಚ್ಚಿನಲ್ಲೇ ಅದಕ್ಕೊಂದು ಸುರುಳಿ ಗೆರೆ ಮೂಡಿರುತ್ತದೆ, ಕೂದಲಿಗಿಂತ ಎಷ್ಟೋ ಪಾಲು ಸಣ್ಣದು. ಬಿಡಿಸಿ ಎಳೆದರೆ ಐದಾರು ಕಿಲೋಮೀಟರ್ ಆದೀತು. ಅದರ ಮೇಲೆ ಒಂದು ಬಗೆಯ ಬಣ್ಣವನ್ನು ಹುಯ್ಯುತ್ತಾರೆ. ದೋಸೆ ಹುಯ್ಯುವಾಗ ನಾವು ಸೌಟು ತಿರುಗಿಸುತ್ತೇವೆ. ಅಲ್ಲಿ ಕಾವಲಿಯೇ ತಿರುಗುತ್ತದೆ, ಬಣ್ಣ ತಾನಾಗಿ ತೆಳ್ಳಗೆ ಹರಡಿಕೊಳ್ಳುತ್ತದೆ. ಬಣ್ಣದ ಮೇಲೆ ಕನ್ನಡಿಯಂತೆ ಬೆಳ್ಳಿಯ ತೆಳು ಲೇಪ, ಅದರ ಮೇಲೆ ರಕ್ಷಣೆಗೆ ಒಂದು ಪದರ ವಾರ್ನಿಷ್, ಅಷ್ಟೆ. ಬರೆಯುವ ಯಂತ್ರ ಲೇಸರ್ ಬೆಳಕಿನಿಂದ ಆ ಬಣ್ಣವನ್ನು ಗೆರೆಯುದ್ದಕ್ಕೂ ಅಲ್ಲಲ್ಲಿ ಸುಡುತ್ತದೆ. ಓದುವ ಯಂತ್ರ ಅದಕ್ಕಿಂತ ಸೌಮ್ಯವಾದ ಬೆಳಕು ಬಿಟ್ಟು, ಎಲ್ಲಿ ಹೊಳೆಯಿತು, ಎಲ್ಲಿ ಮಂಕಾಯಿತು ಎಂದು ನೋಡುತ್ತಾ ಹೋಗುತ್ತದೆ. ಹೊಳಪು ಬದಲಾಗುವ ಜಾಗ, ಬದಲಾಗದ ಜಾಗ: ಈ ಎರಡೇ ಅಕ್ಷರಗಳಲ್ಲಿ ಹಾಡು, ಸಿನಿಮಾ, ಮಾವನ ಹೃದಯ, ಎಲ್ಲವನ್ನೂ ಬರೆದಿಡಬಹುದು. ಸುಟ್ಟದ್ದು ಸುಟ್ಟಿತು, ಅಳಿಸಿ ತಿದ್ದುವಂತಿಲ್ಲ.

ನಾವೆಲ್ಲ ಹೊಳೆಯುವ ಮೈಗೆ ಗೀರು ಬಿದ್ದೀತೆಂದು ಹೆದರುತ್ತೇವೆ. ಅಲ್ಲಿ ಬಣ್ಣದ ಮುಂದೆ ದಪ್ಪ ಪ್ಲಾಸ್ಟಿಕ್ ಇದೆ. ಸಣ್ಣಪುಟ್ಟ ಗೀರಾದರೆ ಯಂತ್ರವೇ ಅಕ್ಕಪಕ್ಕದ ಲೆಕ್ಕದಿಂದ ಸರಿಮಾಡಿಕೊಳ್ಳುತ್ತದೆ. ಚೀಟಿ ಅಂಟಿಸುವ ಬದಿಯಲ್ಲಿ ಮಾತ್ರ ಬರಹ ವಾರ್ನಿಷ್ಷಿನ ಕೆಳಗೇ ಇರುತ್ತದೆ. ಮಾವ ಕೆರೆಯುತ್ತಿದ್ದದ್ದು ಅಲ್ಲೇ. ಹುಣಸೂರಿನಲ್ಲಿ ಅದನ್ನು ಅವರಿಂದ ಕಿತ್ತುಕೊಂಡು, ಬಿಸಿಲಿಗೆ ಹಿಡಿದು ಪರೀಕ್ಷಿಸಿ, ಬಿಸಿಲೂ ಬಣ್ಣಕ್ಕೆ ಶತ್ರುವೆಂದು ನೆನಪಾಗಿ ಸೆರಗಿನೊಳಗೆ ಅಡಗಿಸಿಕೊಂಡೆ. ಊರು ಮುಟ್ಟುವವರೆಗೆ ಹತ್ತಾರು ಸಲ ಮುಟ್ಟಿ ನೋಡಿಕೊಂಡಿರಬೇಕು. ಅದು ಹಾಳಾದರೆ ಮಾವ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವವರಲ್ಲ ಎಂದು ನನಗೆ ಗೊತ್ತಿತ್ತು.

ಊರಿನಲ್ಲಿ ನೆರೆಹೊರೆಯವರು ಸಿನಿಮಾಕ್ಕೆ ಬಂದಂತೆ ಬಂದು ಕೂತರು. ಮಾವ ಸೀಡಿ ಹಾಕಿದರು. ಪ್ಲೇಯರು ಗರಗರ ತಿರುಗಿಸಿ, ಒಳಗೆ ಸೀಡಿಯೇ ಇಲ್ಲವೆಂದು ಇಂಗ್ಲಿಷಿನಲ್ಲಿ ತೋರಿಸಿತು. ಮಾವನ ಮುಖ ಅರಳಿತು.

"ಏನೂ ಇಲ್ವಂತೆ ಕಣವ್ವ. ಏನೂ ಇಲ್ದಿದ್ ಮ್ಯಾಲೆ ಕಟ್ಕೊಂಡಿರದು ಎಲ್ಲಿಂದ ಬಂತು?"

ಸೀಡಿಯೊಳಗೆ ಮಾವನ ಎದೆಯೇ ಇದೆ, ಆ ಪೆಟ್ಟಿಗೆಗೆ ಸಿನಿಮಾದ ಲಿಪಿ ಗೊತ್ತು, ಆಸ್ಪತ್ರೆಯ ಲಿಪಿ ಗೊತ್ತಿಲ್ಲ ಎಂದು ನಾನು ವಿವರಿಸಲು ಹೋದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಗೌರತ್ತೆ ಮಾತ್ರ, ಅಂದರೆ ಮಾವನ ಹೆಂಡತಿ, ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದರು. ಬೆಳಿಗ್ಗೆ ಎದ್ದು ನೋಡುತ್ತೇನೆ, ಸೀಡಿ ದೇವರ ಪಟದ ಮುಂದಿದೆ. ಹೊಳೆಯುವ ಮೈಗೆ ಅರಿಶಿನ, ಕುಂಕುಮ.

"ಅವ್ರ್ ಎದೆ ಅಂದ್ಯಲ್ಲ ಮಗಾ," ಅಂದರು ಅತ್ತೆ. ನಾನು ಸೀಡಿಯನ್ನು ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿದೆ. ಸುತ್ತ ಒರೆಸಿದರೆ ಗೀರು ಗೆರೆಯುದ್ದಕ್ಕೂ ಹೋಗಿ ಸಾಲುಸಾಲೇ ಕೆಡುತ್ತದೆ.

ಪಿರಿಯಾಪಟ್ಟಣದಲ್ಲಿ ಕಂಪ್ಯೂಟರ್ ಕಲಿಸುವ ಒಂದು ಸೆಂಟರ್ ಇತ್ತು. ನಡೆಸುತ್ತಿದ್ದ ಸುನೀತಾ ನನಗೆ ಪರಿಚಯ. ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ಅತ್ತೆಯೇ ಮಾವನನ್ನು ಬಸ್ ಹತ್ತಿಸಿದರು. ಸೆಂಟರಿನ ಬಾಗಿಲಲ್ಲಿ ಮಾವನಿಗೆ ಸಂಗತಿ ತಿಳಿಯಿತು. ಒಳಗೆ ಬಂದರೂ ಕೂರಲಿಲ್ಲ. ಸುನೀತಾ ಸೀಡಿ ಹಾಕಿದಳು. ತಿರುಗಿತು, ನಿಂತಿತು, ಮತ್ತೆ ತಿರುಗಿತು. ನಾನು ಟೇಬಲ್ಲಿನ ಅಂಚು ಹಿಡಿದುಕೊಂಡಿದ್ದೆ. ಅತ್ತೆಯ ತುಟಿ ಆಡುತ್ತಿತ್ತು.

ಪರದೆಯ ಮೇಲೆ ಬೂದುಬಣ್ಣದ ಮಂಜು, ಅದರ ಮೂಲೆಯಲ್ಲಿ ಮಾವನ ಹೆಸರು. ಮಂಜಿನೊಳಗೆ ಕಪ್ಪು ಎಳೆಗಳು ಒಮ್ಮೆಲೇ ಮೂಡಿ, ಕವಲೊಡೆದು, ಕುಣಿದು, ಮಾಯವಾದವು. ಮತ್ತೆ ಮೂಡಿದವು. ಮಾವ ಬಾಗಿದರು. ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತರು.

"ಎಲೆ ನರ ಇದ್ದಂಗದೆ," ಅಂದರು. ಅವರ ಬೆರಳೇ ಪರದೆಯ ಒಂದು ಜಾಗಕ್ಕೆ ಹೋಯಿತು. ಅಲ್ಲಿ ಎಳೆ ನೂಲಿನಷ್ಟಾಗಿ, ಕಡಿದೇ ಹೋದಂತಿತ್ತು. "ಇಲ್ಲಿ, ಅಲ್ವಾ?"

"ಹೌದು ಮಾವ. ಇನ್ನೂ ಎರಡು ಕಡೆ ಇದೆ."

ಅವರು ಇನ್ನೊಂದು ಕೈಯನ್ನು ಎದೆಯ ಮೇಲಿಟ್ಟುಕೊಂಡರು. ಪರದೆ ನೋಡಿದರು, ಎದೆ ಕೇಳಿಸಿಕೊಂಡರು.

"ಅದೇ ಬ್ಯಾರೆ ಬಡ್ಕತಾ ಅದೆ, ಇದೇ ಬ್ಯಾರೆ ಬಡ್ಕತಾ ಅದೆ. ಇದು ನಿಂತೋದ್ರೂ ಅದು ಆಡ್ತಾನೇ ಇರ್ತದೆ, ಅಲ್ವಾ ಮಗಾ?"

ಹೌದು ಎಂದರೆ ಕ್ರೂರ, ಇಲ್ಲ ಎಂದರೆ ಸುಳ್ಳು. ಅತ್ತೆಯೇ ಹೇಳಿದರು: "ಅದ್ ಕಟ್ಕೊಂಡು ನಾ ಏನ್ ಮಾಡ್ಲಿ. ಇದು ಬೇಕು ನಂಗೆ."

ಅತ್ತೆ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಮಾವ ಎದ್ದು ಪಂಚೆ ಸರಿಮಾಡಿಕೊಂಡರು. "ನಡೀರಿ, ಮೈಸೂರ್ ಬಸ್ಸು ಎಷ್ಟೊತ್ಗೆ ಕೇಳುವ," ಅಂದರು.

ಆಪರೇಷನ್ ಆಯಿತು, ಮಾವ ಉಳಿದರು. ಡಾಕ್ಟರು ವಿಶ್ರಾಂತಿ ಹೇಳಿದ್ದರು. ಅದನ್ನು ಅವರು ಅಂಗಳದಲ್ಲಿ ನಡೆದಾಡುತ್ತಲೇ ತೆಗೆದುಕೊಂಡರು. ಆಮೇಲೆ ಅವರಿಗೊಂದು ಹೊಸ ಗೀಳು ಹತ್ತಿತು. ಸುತ್ತಲ ಊರುಗಳಲ್ಲಿ ಯಾರಿಗಾದರೂ ಎದೆನೋವು ಎಂದು ಕೇಳಿದರೆ ಸಾಕು, ಅವರನ್ನು ಪಿರಿಯಾಪಟ್ಟಣಕ್ಕೆ ಎಳೆದುಕೊಂಡು ಹೋಗಿ ತಮ್ಮ ಸೀಡಿ ತೋರಿಸುವುದು. ಸುನೀತಾಳ ವಿದ್ಯಾರ್ಥಿಗಳಿಗೆ ಆ ಹೃದಯ ಬಾಯಿಪಾಠವಾಗಿತ್ತು.

ಒಮ್ಮೆ ಹಂಪಾಪುರದಿಂದ ಮಾವನ ಬೀಗರು ಬಂದಿದ್ದರು. ಎದೆನೋವಿದ್ದರೂ ಆಪರೇಷನ್ ಬೇಡವೆಂದು ಹಟ ಹಿಡಿದವರು. ನಾನೂ ಜೊತೆಗೆ ಹೋಗಿದ್ದೆ. ಸುನೀತಾ ಸೀಡಿ ಹಾಕಿದಳು. ತಿರುಗಿತು, ತಿರುಗುತ್ತಲೇ ಇತ್ತು, ಏನೂ ಬರಲಿಲ್ಲ. ಹೊರತೆಗೆದು ನೋಡಿದರೆ ಚೀಟಿಯ ಬದಿಯಲ್ಲಿ ಬೆಳ್ಳಿ ಲೇಪ ಹಕ್ಕಳೆಯಂತೆ ಎದ್ದಿತ್ತು. ಬಿಸಿಲೋ, ಜೇಬಿನ ಬೆವರೋ, ಮಾವನ ಉಗುರೋ. ನನಗೆ ಯಾರೋ ಹೋದಷ್ಟು ಸಂಕಟವಾಯಿತು. ಬೀಗರು, "ಬುಡಿ ಗೌಡ್ರೇ, ಇನ್ನೇನ್ ತೋರ್ಸೀರಿ," ಎಂದು ಏಳಲು ಹೊರಟರು.

ಮಾವ ಅವರ ಭುಜ ಹಿಡಿದು ಕೂರಿಸಿದರು. ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಗಂಟಲ ಕೆಳಗಿಂದ ಹೊಟ್ಟೆಯ ಹತ್ತಿರದವರೆಗೆ ಹೊಲಿಗೆಯ ಗೆರೆ ನೆಟ್ಟಗೆ ಇಳಿದಿತ್ತು.

"ಇದ್ನ ನೋಡಿ," ಅಂದರು. "ಇದ್ನ ಓದಕ್ಕೆ ಕರೆಂಟೂ ಬ್ಯಾಡ."