ಇಂಜಿನ್ ಆಫ್ ಮಾಡಿಸುವ ಮಾದಸ್ವಾಮಿ

ಕೌದಳ್ಳಿಯಲ್ಲಿ ಮಾದೇಶ್ವರನ ಬೆಟ್ಟದ ಬಸ್ಸು ನಿಂತರೆ, ಹತ್ತುವವರಿಗಿಂತ ಮೊದಲು ಓಡಿಬರುವವರು ಮಾದಸ್ವಾಮಿ. "ನಿಂತಿರೋ ಗಾಡೀಗೆ ಇಂಜಿನ್ ಯಾಕ್ಲಾ? ಆಫ್ ಮಾಡು!" ಎಂದು ಅವರು ಕೂಗಿದರೆ ಅಜ್ಜೀಪುರಕ್ಕೂ ಕೇಳಿಸುತ್ತದೆ ಎನ್ನುವುದು ಟೀ ಅಂಗಡಿಯ ಪ್ರೇಮಾಳ ಅಂದಾಜು. ಪ್ರವಾಸಿ ಹಡಗುಗಳು ಬಂದು ನಿಲ್ಲುವ ಬಂದರಿನಲ್ಲಿ ಅರ್ಧ ಆಯಸ್ಸು ದುಡಿದು ಊರಿಗೆ ಮರಳಿದ ಮನುಷ್ಯ. "ಅಡಗು ಅಂದ್ರೆ ನೀರ್ ಮ್ಯಾಲಿನ ಊರು ಕಣ್ಲಾ. ದಡದಲ್ಲಿ ನಿಂತ್ರೂ ಅದ್ರ ಲೈಟು, ಏಸಿ, ಅಡ್ಗೆಮನೆಗೆ ಇಂಜಿನ್ ಓಡ್ತಾನೇ ಇರೋದು. ಒಗೆಯೆಲ್ಲ ನಮ್ ಮೂಗಿಗೆ. ಆಮೇಲೆ ದಡದಿಂದ್ಲೇ ಕರೆಂಟ್ ಕೊಟ್ವಿ ನೋಡು, ಇಂಜಿನ್ ಬಾಯ್ ಮುಚ್ಕಂತು. ತೊಡೆ ಗಾತ್ರದ ಕೇಬಲ್ಲು, ಈ ಕೈಯಲ್ಲೇ ಸಿಗಿಸ್ತಿದ್ದೆ!" ಈ ಕಥೆ ಕೇಳದೆ ಅಲ್ಲಿ ಯಾರಿಗೂ ಟೀ ಗಂಟಲಿಗೆ ಇಳಿಯುವುದಿಲ್ಲ. ಟ್ರ್ಯಾಕ್ಟರಾಗಲಿ, ಪೊಲೀಸ್ ಜೀಪಾಗಲಿ ಅವರಿಂದ ತಪ್ಪಿಸಿಕೊಂಡಿಲ್ಲ. ಒಮ್ಮೆ ಮದುವೆ ಮನೆಯ ಜನರೇಟರನ್ನೇ ನಿಲ್ಲಿಸಿ, ಪ್ರೇಮಾಳ ಅಂಗಡಿಯಿಂದ ವೈರು ಎಳೆದುಕೊಟ್ಟಿದ್ದರು. ಡ್ರೈವರ್ ಕೀ ತಿರುಗಿಸಿದ ಮೇಲೂ ಅವರು ಬಸ್ಸಿನ ಮೂತಿಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಾರೆ. ಬಸ್ಸಿಗೂ ಆಶೀರ್ವಾದ ಮಾಡುತ್ತಾರೆ ಎಂದು ಜನ ನಗುತ್ತಾರೆ. ಪ್ರೇಮಾ ನಗುವುದಿಲ್ಲ. ಹಿಂದಿನಿಂದ ಕರೆದರೆ ಅವರು ತಿರುಗುವುದಿಲ್ಲವೆಂದು ಅವಳಿಗೆ ಗೊತ್ತು; ಹಡಗಿನ ಇಂಜಿನ್ನುಗಳು ಅವರ ಕಿವಿಯನ್ನು ಎಂದೋ ತಿಂದುಹಾಕಿವೆ. ಬಸ್ಸಿನ ನಡುಕ ನಿಂತದ್ದು ಅಂಗೈಗೆ ತಿಳಿದ ಮೇಲಷ್ಟೇ ಅವರ ಮುಖ ಅರಳುತ್ತದೆ. "ಏನ್ ನೆಮ್ಮದಿ ನೋಡವ್ವಾ! ಈಗ ಗುಬ್ಬಿ ಕೂಗೋದೂ ಕೇಳ್ತದೆ" ಎನ್ನುತ್ತಾರೆ. ಪ್ರೇಮಾ ಟೀ ಲೋಟ ಹಿಡಿದು ಅವರ ಎದುರಿಗೇ ಬಂದು ನಿಂತು, ಹೌದು, ಕೇಳುತ್ತದೆ ಎಂದು ತಲೆಯಾಡಿಸುತ್ತಾಳೆ.