ಗಾಣಗಾಪುರದ ಐದನೆಯ ಮನೆ

ದತ್ತ ಮಹಾರಾಜರನ್ನು ನಂಬಿದ ಎಲ್ಲರಿಗೂ ನೆಲೋಗಿ ಊರಿನ ಮಗಳೊಬ್ಬಳ ನಮಸ್ಕಾರ. ನನಗೆ ಚೆಂದ ಮಾಡಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಕಳೆದ ವರ್ಷ ನಾನು ನೌಕಾಪಡೆಗೆ ಆಯ್ಕೆಯಾದೆ. ಪಟ್ಟಿಯಲ್ಲಿ ಹೆಸರು ಬಂದ ಒಂಬತ್ತನೆಯ ದಿನ ಅಪ್ಪ ಎದೆ ಹಿಡಿದುಕೊಂಡು ಕುಳಿತ. ಜೇವರ್ಗಿಗೆ ಒಯ್ದೆವು, ಅಲ್ಲಿಂದ ಕಲಬುರಗಿಯ ಆಸ್ಪತ್ರೆಗೆ. ನಾನು ಔಷಧಿಯ ಚೀಟಿ ಹಿಡಿದು ಕೆಳಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಔಷಧಿಯನ್ನು ವಾಪಸು ಕೊಟ್ಟು ಬಂದೆ. ಅಳು ಬರಲಿಲ್ಲ.

ಎರಡು ವರ್ಷ ದಿನಾ ಬೆಳಿಗ್ಗೆ ನಾನು ಓಡುವಾಗ ಅಪ್ಪ ಸೈಕಲ್ ಮೇಲೆ ಹಿಂದೆ ಬರುತ್ತಿದ್ದ. ಕೈಯಲ್ಲಿ ಗಡಿಯಾರ, ಬಾಯಲ್ಲಿ ಬೈಗುಳ. ಅವನು ಹೋದ ಮೇಲೆ ಓಟ ನಿಂತಿತು, ಊಟವೂ ನಿಂತಿತು. ಹಟ ಮಾಡಿ ಬಿಟ್ಟದ್ದಲ್ಲ. ರೊಟ್ಟಿ ಮುರಿಯುತ್ತಿದ್ದೆ, ಮುರಿದ ತುಂಡು ಕೈಯಲ್ಲೇ ಇರುತ್ತಿತ್ತು. ಅವ್ವ ಶೇಂಗಾ ಉಂಡಿ ಮಾಡಿ ಬಾಯಿಗಿಟ್ಟರೆ ವಾಂತಿಯಾಗುತ್ತಿತ್ತು. ಮಾತಾಡಿಸಲು ಬಂದವರು ಕಲ್ಲೆದೆಯ ಹುಡುಗಿ ಎಂದರು. ಅದೂ ನೋಯಲಿಲ್ಲ.

ತರಬೇತಿಗೆ ಸೇರಲು ಎರಡು ತಿಂಗಳಿತ್ತು. ಅಲ್ಲಿ ಸೇರಿಸಿಕೊಳ್ಳುವ ಮುಂಚೆ ಮತ್ತೊಮ್ಮೆ ದೇಹ ತಪಾಸಣೆ. ನನ್ನ ಎತ್ತರಕ್ಕೆ ನಲವತ್ತೈದು ಕೆ.ಜಿ. ಬೇಕಿತ್ತು. ಊರಿನ ದವಾಖಾನೆಯ ನರ್ಸಮ್ಮ ತೂಗಿದಾಗ ಮುಳ್ಳು ನಲವತ್ತೊಂದರಲ್ಲಿ ನಿಂತಿತು. "ಹಿಂಗೇ ಹೋದ್ರ ವಾಪಸ್ ಕಳಸ್ತಾರ ತಂಗಿ" ಎಂದಳು. ಹೌದ್ರಿ ಎಂದು ಎದ್ದು ಬಂದೆ. ಅಪ್ಪನ ಎರಡು ವರ್ಷದ ಬೆಳಗುಗಳು ನೀರುಪಾಲಾಗುತ್ತವೆ ಎಂದು ಗೊತ್ತಿತ್ತು. ಗೊತ್ತಿದ್ದರೂ ಒಳಗೆ ಏನೂ ಅಲುಗಲಿಲ್ಲ.

ಆಗ ಅಪ್ಪನ ತಂಗಿ, ನಮ್ಮ ಅತ್ತೆ, ನನ್ನನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೊರಟಳು. ಕಲಬುರಗಿಯ ಬಸ್ ನಿಲ್ದಾಣದಲ್ಲಿ ಕೇಳಿದೆ, "ಅಲ್ಲಿ ಹೋಗಿ ಏನ್ ಮಾಡ್ಲಿ ಅತ್ತಿ?"

"ಬೇಡು. ಐದು ಮನಿ ಬೇಡು. ಬೇಡಿ ತಂದಿದ್ದು ಚೆಲ್ಲೂ ಹಂಗಿಲ್ಲ, ನೆನಪಿಟ್ಕೊ."

ಮಧ್ಯಾಹ್ನದ ಹೊತ್ತು ದತ್ತ ಸ್ವಾಮಿಯೇ ಯಾವುದೋ ರೂಪದಲ್ಲಿ ಆ ಊರಿನ ಬೀದಿಗೆ ಭಿಕ್ಷೆಗೆ ಬರುತ್ತಾನೆಂದು ನಾವೆಲ್ಲ ನಂಬಿದ್ದೇವೆ. ಅದಕ್ಕೇ ಭಕ್ತರೂ ಅಲ್ಲಿ ಐದು ಮನೆ ಬೇಡಿ ಉಣ್ಣುತ್ತಾರೆ. ಮೊದಲ ದಿನ ಗುಡಿಯಲ್ಲಿ ಸ್ವಾಮಿಯ ಪಾದುಕೆಯ ಮುಂದೆ ನಿಂತು, ಕಿರಾಣಿ ಅಂಗಡಿಯಲ್ಲಿ ಕೇಳಿದಂತೆ, ನಾಲ್ಕು ಕೆ.ಜಿ. ಕೊಡಪ್ಪಾ ಎಂದೆ. ಭಕ್ತಿಯೇನೂ ಇರಲಿಲ್ಲ, ಸುಳ್ಳು ಹೇಳುವುದಿಲ್ಲ.

ಜೋಳಿಗೆ ಹಾಕಿಕೊಂಡು ಮನೆಗಳ ಮುಂದೆ ನಿಂತೆ. ಅನ್ನ, ರೊಟ್ಟಿ, ಬೇಳೆ, ಒಬ್ಬರ ಮನೆಯ ಶಿರಾ. ಔದುಂಬರ ಮರದ ನೆರಳಲ್ಲಿ ಕುಳಿತು ಔಷಧಿ ನುಂಗಿದ ಹಾಗೆ ನುಂಗಿದೆ. ಚೆಲ್ಲುವಂತಿರಲಿಲ್ಲವಲ್ಲ. ಅತ್ತೆ ಎದುರಿಗೆ ಕುಳಿತು ಕೊನೆಯ ತುತ್ತಿನವರೆಗೆ ಕಾಯುತ್ತಿದ್ದಳು. ಹೀಗೆ ಆರು ದಿನ.

ಐದನೆಯ ಮನೆ ಒಬ್ಬ ಅಜ್ಜಿಯದು. ದಿನಾ ಬಿಸಿ ರೊಟ್ಟಿ, ಮೇಲೆ ಪುಂಡಿಪಲ್ಯ. ಏಳನೆಯ ದಿನ ಹೋದರೆ ಬಾಗಿಲಿಗೆ ಬೀಗ. ಚಿಲಕ ಬಡಿದೆ. ಮತ್ತೆ ಬಡಿದೆ. ಈ ಮುದುಕಿ ಹೇಳದೆ ಕೇಳದೆ ಎಲ್ಲಿ ಹೋದಳು ಎಂದು ಮೈ ಉರಿಯುವಷ್ಟು ಸಿಟ್ಟು ಬಂತು. ಬೇಡಲು ಬಂದವಳಿಗೆ ಸಿಟ್ಟೇ ಎಂದು ನನಗೇ ಗಾಬರಿಯಾಯಿತು. ಆಮೇಲೆ ಹೊಟ್ಟೆ ಚುರ್ ಎಂದಿತು. ಅದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಹಿಂದೆ ನಿಂತಿದ್ದ ಅತ್ತೆಗೆ ಹೇಳಿದೆ, "ಅತ್ತಿ, ಹಸಿವಿ ಆಗ್ಯಾದ."

ತನ್ನ ಅಣ್ಣನಿಗೆ ಮಣ್ಣು ಕೊಟ್ಟ ದಿನವೂ ಎಲ್ಲರನ್ನೂ ಸಂಭಾಳಿಸಿದ್ದ ಅತ್ತೆ ಅಜ್ಜಿಯ ಮನೆಯ ಕಟ್ಟೆಯ ಮೇಲೆ ಕುಸಿದು ಕುಳಿತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಅಷ್ಟರಲ್ಲಿ ಅಜ್ಜಿ ಹಿಟ್ಟಿನ ಡಬ್ಬಿ ಹೊತ್ತುಕೊಂಡು ಬಂದಳು. "ಗಿರಣ್ಯಾಗ ಕರೆಂಟ್ ಇದ್ದಿದ್ದಿಲ್ಲವ್ವ, ತಡ ಆಯ್ತು. ಕುಂದ್ರು, ರೊಟ್ಟಿ ಬಡದು ಕೊಡ್ತೇನಿ. ಈಕಿ ಯಾಕ ಅಳಾಕತ್ತಾಳ?"

"ನಮ್ಮಪ್ಪ ಸತ್ತಾನ್ರಿ" ಎಂದೆ. ಅವತ್ತಿನವರೆಗೆ ಆ ಮಾತನ್ನು ನಾನು ಯಾರೆದುರೂ ಆಡಿರಲಿಲ್ಲ. ಅಜ್ಜಿ ಬೀಗ ತೆಗೆದು ಒಳಗೆ ಹೋಗಿ ಒಲೆ ಹಚ್ಚಿದಳು. ಒಂದರ ಜಾಗದಲ್ಲಿ ಮೂರು ರೊಟ್ಟಿ ಹಾಕಿದಳು. ಮೂರನ್ನೂ ಅವಳ ಕಟ್ಟೆಯ ಮೇಲೆಯೇ ಕುಳಿತು ತಿಂದೆ.

ಊರಿಗೆ ಬಂದು ಮರುದಿನದಿಂದ ಓಡತೊಡಗಿದೆ. ಹಿಂದೆ ಸೈಕಲ್ಲಿನ ಸದ್ದಿರಲಿಲ್ಲ. ಓಡಿ ಬಂದು ಉಣ್ಣುತ್ತಿದ್ದೆ. ತರಬೇತಿ ಕೇಂದ್ರದ ತಕ್ಕಡಿಯ ಮೇಲೆ ನಿಂತಾಗ ನಲವತ್ತೈದು ಕೆ.ಜಿ., ಮುನ್ನೂರು ಗ್ರಾಂ. ತೂಗಿದವರು ತಲೆ ಎತ್ತದೆ ಮುಂದಿನವರನ್ನು ಕರೆದರು. ನಾನು ಒಳಗೆ ಹೋದೆ.

ನಾನು ಕೇಳಿದ್ದು ತೂಕ. ಸ್ವಾಮಿ ಕೊಟ್ಟದ್ದು ಹಸಿವು. ದಿನಾ ಮಧ್ಯಾಹ್ನ ಬೀದಿಗೆ ಬಂದು ಬೇಡುವವನಿಗೆ ನನ್ನ ಕೊರತೆ ಏನೆಂದು ನನಗಿಂತ ಚೆನ್ನಾಗಿ ತಿಳಿದಿತ್ತು. ಅಳು ಇನ್ನೂ ಬಂದಿಲ್ಲ. ಅದನ್ನೂ ಅವನಿಗೇ ಬಿಟ್ಟಿದ್ದೇನೆ.

ಮೊದಲ ರಜೆಗೆ ಬಂದಾಗ ಮನೆಗೂ ಮುಂಚೆ ಗಾಣಗಾಪುರಕ್ಕೆ ಹೋದೆ. ನಾಲ್ಕು ಮನೆ ಬೇಡಿ, ತರಬೇತಿಗೆಂದು ಗಿಡ್ಡ ಕತ್ತರಿಸಿದ ಕೂದಲ ಮೇಲೆ ಸೆರಗು ಹೊದ್ದು ಐದನೆಯ ಬಾಗಿಲಲ್ಲಿ ನಿಂತೆ. ಅಜ್ಜಿಗೆ ಗುರುತು ಹತ್ತಲಿಲ್ಲ. ಒಲೆಯ ಮುಂದಿನಿಂದಲೇ ಕೇಳಿದಳು.

"ಯಾರವ್ವ ಅದು? ಹಸದಿಯೇನ?"

"ಹೌದ್ರಿ ಅಜ್ಜಿ" ಎಂದೆ, "ಭಾಳ ಹಸದೇನಿ."