ಸಿಂಹದ ಕಾರಿನ ಹಿಂಬಾಗಿಲು

ನಮ್ಮ ಮನೆಯ ತಾರಸಿಯ ಮೇಲೆ ಒಂದು ಕಾರಿನ ಬಾಗಿಲಿದೆ. ಪಕ್ಕದ ಬಾಗಿಲಲ್ಲ, ಹಿಂದಿನದು. ಗಾಜಿನ ಸಮೇತ ಮೇಲಕ್ಕೆ ಎತ್ತುವಂಥದ್ದು. ಅದನ್ನು ಇಟ್ಟಿಗೆಗಳ ಮೇಲೆ ಬೋರಲು ಮಲಗಿಸಿದ್ದೇನೆ. ಬೇಸಿಗೆ ಬಂದರೆ ಅದರ ಗಾಜಿನ ಮೇಲೆ ಸಂಡಿಗೆ ಇಡುತ್ತೇನೆ. ಬಿಸಿಲು ಏರಿದ ಹಾಗೆ ಅಂಚಿನ ರಬ್ಬರಿನ ವಾಸನೆ ಮತ್ತು ಇಂಗಿನ ವಾಸನೆ ಕೂಡಿ ಮೂಗಿಗೆ ಬರುತ್ತವೆ. ಈ ವಾಸನೆ ಬೇರೆ ಯಾರ ಮನೆಯ ಸಂಡಿಗೆಗೂ ಇರಲಾರದು. ಆದರೂ ಕೇಳಿಕೊಂಡು ತಿನ್ನುವವರಿದ್ದಾರೆ.

ಮೊನ್ನೆ ಪಕ್ಕದ ಮನೆಯ ಸೊಸೆ ಶಿಲ್ಪಾ ಬಟ್ಟೆ ಒಣಗಿಸಲು ಬಂದವಳು ಒಂದು ಸಂಡಿಗೆ ಎತ್ತಿ ನೋಡಿದಳು.

"ಅಜ್ಜಿ, ನಿಮ್ ಸಂಡಿಗೆ ಅಡೀಲಿ ಗೆರೆ ಗೆರೆ ಯಾಕಿದೆ?"

"ಕಾರಿಂದು ಕಣೇ."

"ಕಾರಾ? ನಿಮ್ಮತ್ರ ಕಾರಿತ್ತಾ?"

"ಯಾಕೆ, ನಾನೇನು ಹುಟ್ಟಿದಾಗಿಂದ ಸಂಡಿಗೆ ಇಡ್ತಾನೇ ಕೂತಿದ್ನಾ?"

ಅವಳು ನಕ್ಕು ಇಳಿದು ಹೋದಳು. ನಾನು ಆ ಗಾಜಿನ ಪಕ್ಕ ಸುಮ್ಮನೆ ಕೂತೆ. ಗೆರೆಗಳ ಸಂಗತಿ ಹೇಳಬೇಕಾದರೆ ಕಾರಿನ ಸಂಗತಿ ಹೇಳಬೇಕು, ಕಾರಿನದು ಹೇಳಬೇಕಾದರೆ ನಮ್ಮ ಯಜಮಾನರದು. ಓದುವವರಿಗೆ ಪುರುಸೊತ್ತಿದ್ದರೆ ನನಗೇನೂ ಅಡ್ಡಿಯಿಲ್ಲ, ಸಂಡಿಗೆ ಒಣಗುವ ತನಕ ನನಗೂ ಕೆಲಸವಿಲ್ಲ.

ನಮ್ಮ ಯಜಮಾನರು ಗುಬ್ಬಿಯಿಂದ ಚೇಳೂರಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರು. ನನ್ನನ್ನು ಮದುವೆಯಾಗುವ ಮೊದಲೇ ಅವರಿಗೆ ಆ ರಸ್ತೆಯ ಜೊತೆ ಸಂಸಾರವಾಗಿತ್ತು. ಅವರ ಹಾರನ್ನು ಊರೂರಿಗೂ ಗೊತ್ತು. ಎರಡು ಸಣ್ಣದು, ಒಂದು ಉದ್ದದ್ದು. ಅದು ಕೇಳಿದ ಮೇಲೆಯೇ ಹೆಂಗಸರು ಕುಕ್ಕೆ ತಲೆಗೇರಿಸಿ ಮನೆಯಿಂದ ಹೊರಡುತ್ತಿದ್ದದ್ದು. ಎಲ್ಲರೂ ಅವರನ್ನು ಡ್ರೈವರಣ್ಣ ಎನ್ನುತ್ತಿದ್ದರು. ಹೆಸರು ಹೇಳಿ ಕೇಳಿದರೆ ನಮ್ಮ ಬೀದಿಯಲ್ಲೇ ಮನೆ ತೋರಿಸುವವರು ಇರಲಿಲ್ಲ.

ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದು ಖಾಕಿ ಅಂಗಿ ಬಿಚ್ಚಿ ಮೊಳೆಗೆ ಹಾಕಿದರು. "ಸಾಕಾಯ್ತು ಕಣೇ, ಬಿಟ್ಬಿಟ್ಟೆ" ಎಂದರು. ನಾನು ನಂಬಿದೆ. ಸಾಕಾಗುವಷ್ಟು ವಯಸ್ಸೂ ಆಗಿತ್ತು. ನಿಜ ಏನೆಂದರೆ ಅವರ ಕಣ್ಣು ಹೋಗುತ್ತಿತ್ತು. ಬಸ್ಸಿನ ಮಾಲೀಕರು ಅದನ್ನು ಕಂಡುಹಿಡಿದು ಮರ್ಯಾದೆಯಿಂದ ಇಳಿಸಿದ್ದರು. ಇದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಆದರೆ ನಿಮಗೆ ಈಗಲೇ ಹೇಳಿಬಿಡುತ್ತೇನೆ. ಗುಟ್ಟು ಇಟ್ಟುಕೊಂಡು ಕತೆ ಹೇಳುವುದು ನನಗೆ ಬಾರದು. ಕಣ್ಣು ಕಾಣದ ಡ್ರೈವರು ಎಂದರೆ ಸದ್ದಿಲ್ಲದ ನಗಾರಿ. ಅದನ್ನು ಅವರು ಹೆಂಡತಿಗೂ ಹೇಳಿಕೊಳ್ಳಲಾರದೆ ಹೋದರು.

ಬಸ್ಸು ಬಿಟ್ಟ ಮನುಷ್ಯ ಮನೆಯಲ್ಲಿದ್ದರೆ ಮನೆ ಸಣ್ಣದಾಗುತ್ತದೆ. ಜಗುಲಿಯಲ್ಲಿ ಕೂತು ಹೋಗುವ ಬರುವ ಗಾಡಿಗಳ ಸದ್ದು ಕೇಳಿ, "ಇವನು ಗೇರು ಹಾಕೋದು ನೋಡು, ಕೊಡಲೀಲಿ ಸೌದೆ ಒಡ್ದಂಗೆ" ಎಂದು ಬೈಯುವುದು. ಹೀಗೆ ಒಂದು ಮಳೆಗಾಲ ಕಳೆಯಿತು. ಆಮೇಲೆ ತುಮಕೂರಿನ ಮೆಕ್ಯಾನಿಕ್ ರಿಯಾಜ್ ಬಂದ. ಬಸ್ಸಿನ ಕಾಲದಿಂದಲೂ ಇವರ ಸ್ನೇಹಿತ. ಕುಣಿಗಲ್ಲಿನಲ್ಲಿ ಒಂದು ಕಾರು ಮಾರಾಟಕ್ಕಿದೆ, ಫ್ರಾನ್ಸ್ ದೇಶದ್ದು, ಹಾಗೆ ಓಡುವ ಸಣ್ಣ ಕಾರನ್ನು ತಾನು ಮುಟ್ಟಿಯೇ ಇಲ್ಲ ಎಂದು ಬಾಯಿ ತಪ್ಪಿ ಹೇಳಿದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಇವರು ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು.

ಮೂವರೂ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋದೆವು. ಕೆರೆಯ ಕಡೆಗೆ ಮುಖ ಮಾಡಿದ ಒಂದು ಮನೆ. ಕಾರು ಚಪ್ಪರದ ಕೆಳಗಿತ್ತು. ಕೆಂಪು ಬಣ್ಣ, ಮೋಟು ಬೆನ್ನು, ಡಿಕ್ಕಿ ಎಂಬುದೇ ಇಲ್ಲ. ಮುಂದುಗಡೆ ಎರಡು ಕಾಲಿನ ಮೇಲೆ ನಿಂತ ಸಿಂಹದ ಗುರುತು. ಮಾರುತ್ತಿದ್ದದ್ದು ಒಬ್ಬ ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವಳು. ಅವಳ ಗಂಡ ಕಾರು ಓಡಿಸುವ ಪಂದ್ಯಗಳಿಗೆ ಹೋಗುತ್ತಿದ್ದನಂತೆ. ಹೊರದೇಶದಿಂದ ಏನೇನೋ ತರಿಸಿ ಎಂಜಿನ್ನಿಗೆ ಕೂರಿಸಿದ್ದನಂತೆ. ಅವನು ತೀರಿಕೊಂಡದ್ದು ಕಾರಿನಲ್ಲಲ್ಲ, ಕಾಮಾಲೆಯಲ್ಲಿ. ಅದನ್ನು ಅವಳು ಕೇಳದೆಯೇ ಹೇಳಿದಳು, ಕಾರಿಗೆ ಕೆಟ್ಟ ಹೆಸರು ಬರಬಾರದೆಂದು.

ರಿಯಾಜ್ ಇವರನ್ನು ಪಕ್ಕಕ್ಕೆ ಕರೆದ. "ಅಣ್ಣ, ಬ್ಯಾಡ. ಆ ಕಂಪ್ನಿಯೋರು ನಮ್ ದೇಶದಾಗೆ ಅಂಗಡಿ ಮುಚ್ಕೊಂಡು ಹೋಗವ್ರೆ. ಒಂದು ನಟ್ಟು ಹೋದ್ರೂ ನಾನು ಎಲ್ಲಿಂದ ತರ‍್ಲಿ?"

"ನಟ್ಟು ಹೋದಾಗ ನೋಡಣ ಬುಡು."

"ಅಕ್ಕ, ನೀವಾದ್ರೂ ಹೇಳಿ."

ನಾನು ಏನು ಹೇಳಲಿ? ಇವರು ಆಗಲೇ ಸೀಟಿನಲ್ಲಿ ಕೂತಿದ್ದರು. ಕೈ ಎರಡೂ ಸ್ಟೇರಿಂಗಿನ ಮೇಲಿದ್ದವು. ಆ ಮಳೆಗಾಲವೆಲ್ಲ ಆ ಕೈಗಳಿಗೆ ಏನು ಮಾಡಬೇಕೆಂದು ತಿಳಿದಿರಲಿಲ್ಲ. ಆ ಹೆಂಗಸು ಬಾಗಿಲ ಹತ್ತಿರ ಬಗ್ಗಿ, "ಅಣ್ಣಾ, ಇದು ಎಳೆಯೋ ಎತ್ತಲ್ಲ, ಓಡೋ ಕುದುರೆ. ಇನ್ನೊಂದು ಮಾತು, ಇದರ ಹಾರನ್ನು ಸ್ಟೇರಿಂಗ್ ನಡುವೆ ಇಲ್ಲ. ಇಲ್ಲಿ, ಇಂಡಿಕೇಟರ್ ಕಡ್ಡಿ ತುದೀಲಿದೆ. ಒತ್ತಬೇಕು" ಎಂದಳು. ಇವರು ಸ್ಟೇರಿಂಗಿನ ನಡುವೆ ಅಂಗೈಯಿಂದ ಗುದ್ದಿದರು. ಸದ್ದಿಲ್ಲ. ಕಡ್ಡಿಯ ತುದಿ ಒತ್ತಿದರು. ಕೂಗಿತು. "ಎಂಥಾ ದೇಶಾನೋ! ಬಾಯಿ ತಗೊಂಡೋಗಿ ಕಿವಿ ಹತ್ರ ಮಡಗವ್ರೆ" ಎಂದರು. ಎಲ್ಲರೂ ನಕ್ಕೆವು. ಆ ನಗುವನ್ನು ನಾನು ಆಮೇಲೆ ಬಹಳ ಸಲ ನೆನೆಸಿಕೊಂಡಿದ್ದೇನೆ.

ಪೂಜೆಗೆ ಒಯ್ದಾಗ ಪೂಜಾರಿಗೆ ಸಿಂಹ ಕಂಡು ಖುಷಿಯೋ ಖುಷಿ, ಅಮ್ಮನವರ ವಾಹನ ಎಂದು. ಅದರ ಮುಖ ಮುಚ್ಚುವಷ್ಟು ಕುಂಕುಮ ಬಳಿದರು. "ಮೂರು ಹೊತ್ತು ವಿಭೂತಿ ಹಚ್ಚೋರು, ಬಸವಣ್ಣನ ಬಿಟ್ಟು ಸಿಂಹ ಹತ್ತಿದ್ರಿ" ಎಂದು ನಾನು ಚುಚ್ಚಿದೆ. "ವಯಸ್ಸಾದ್ಮೇಲೆ ಶಿವನಿಗೂ ಹೆಂಡ್ತಿ ಗಾಡೀನೇ ಗತಿ" ಎಂದರು. ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿತು. ಹಾಯಿತು ಎನ್ನುವುದಕ್ಕಿಂತ ಹಾರಿತು. ಪೂಜಾರಿ ತಟ್ಟೆ ಸಮೇತ ಹಿಂದಕ್ಕೆ ಜಿಗಿದರು.

ಆಮೇಲೆ ಕೆಲವು ತಿಂಗಳು ನಾವು ಸುತ್ತಿದೆವು. ಅವರು ಹೊರಡುತ್ತಿದ್ದದ್ದು ಬಿಸಿಲು ಬಲಿತ ಮೇಲೆ, ತಿರುಗಿ ಬರುತ್ತಿದ್ದದ್ದು ಬಿಸಿಲಿರುವಾಗಲೇ. ಎಂಜಿನ್ನಿಗೆ ಬಿಸಿಲು ಒಳ್ಳೆಯದು ಎನ್ನುತ್ತಿದ್ದರು. ಚೇಳೂರು ರಸ್ತೆಯಲ್ಲೇ ಹೆಚ್ಚು. ಪ್ರತಿ ತಿರುವೂ ಅವರ ಮೈಯೊಳಗಿತ್ತು. ಹೊರಡುವ ಮುಂಚೆ ನಾನು ಬಾಗಿಲಿಗೆ ಎರಡು ಸಲ ತಟ್ಟಬೇಕು. ಕಂಡಕ್ಟರು ಬಸ್ಸಿನ ತಗಡಿಗೆ ಎರಡು ಸಲ ತಟ್ಟಿದರೆ ಹೊರಡು ಎಂದು, ಒಂದು ಸಲ ತಟ್ಟಿದರೆ ನಿಲ್ಲು ಎಂದು. ತಟ್ಟದೆ ಅವರ ಕಾಲು ಕ್ಲಚ್ಚು ಬಿಡುತ್ತಿರಲಿಲ್ಲ.

ದಾರಿಯಲ್ಲಿ ನನಗೆ ಪಾಠ ಬೇರೆ. ನಾನು ಎರಡನೇ ಕ್ಲಾಸಿಗೆ ಸ್ಲೇಟು ಒಡೆದು ಮನೆಗೆ ಬಂದವಳು. "ಆ ಬೋರ್ಡಲ್ಲಿ ಏನ್ ಬರ‍್ದವ್ರೆ, ಓದು ನೋಡಣ" ಎನ್ನುವರು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವೆ. "ಎದುರುಗಡೆ ಬರ್ತಿರೋದು ಲಾರಿನಾ ಬಸ್ಸಾ, ಹೇಳು ನೋಡಣ" ಎನ್ನುವರು. ಹೇಳುವೆ. "ಶಭಾಶ್" ಎನ್ನುವರು. ಈ ವಯಸ್ಸಿನಲ್ಲಿ ಗಂಡನಿಗೆ ನನ್ನನ್ನು ಓದಿಸುವ ಆಸೆ ಬಂತಲ್ಲ ಎಂದು ನಾನು ಒಳಗೊಳಗೇ ಉಬ್ಬಿದ್ದೆ. ಈಗ ದಪ್ಪ ದಪ್ಪ ಅಕ್ಷರದಲ್ಲಿ ಇಷ್ಟು ಬರೆಯುತ್ತಿದ್ದೇನಲ್ಲ, ಆ ಅಕ್ಷರ ಕೂಡಿಸುವ ಅಭ್ಯಾಸ ಬಂದದ್ದು ಹಾಗೆ. ಪಾಠ ಯಾರಿಗೆ ಬೇಕಾಗಿತ್ತು ಎಂಬುದು ಆಗ ಹೊಳೆಯಲಿಲ್ಲ.

ಸುಗ್ಗಿ ಬಂತು. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಗಿಡವನ್ನು ಟಾರು ರಸ್ತೆಗೆ ಹರಡುತ್ತಾರೆ. ಬಸ್ಸು ಲಾರಿ ಅದರ ಮೇಲೆ ಓಡಿ ಓಡಿ ಕಾಳು ಬಿಡಿಸುತ್ತವೆ. ಇದು ತಪ್ಪೆಂದು ಪೊಲೀಸರು ಹೇಳುತ್ತಾರೆ, ರೈತರು ಕೇಳುವುದಿಲ್ಲ. ನಮ್ಮ ಯಜಮಾನರಂತೂ ಬಸ್ಸಿನ ಕಾಲದಲ್ಲಿ ಪಕ್ಕಕ್ಕೆ ತಪ್ಪಿಸಿಕೊಂಡು ಹೋದವರೇ ಅಲ್ಲ. ಹುಲ್ಲಿನ ಮೇಲೇ ಚಕ್ರ ಹಾಯಿಸಿ, ಹಾರನ್ನು ಕೊಟ್ಟು ಹೋಗುವುದು ಅವರ ಧರ್ಮ. ಜನ ಅದಕ್ಕೆ ಕೈ ಎತ್ತಿ ಹರಸುತ್ತಿದ್ದರು.

ಆ ದಿನ ಮುಂದೆ ರಸ್ತೆಯ ತುಂಬ ಹುರುಳಿ ಹರಡಿತ್ತು. "ರೀ, ಒಕ್ಕಣೆ ಮಾಡವ್ರೆ, ಪಕ್ಕಕ್ಕೆ ತಗಳಿ" ಎಂದೆ. "ಮೇಲೇ ಹೋಗ್ತೀನಿ, ಕಾಳು ಬಿಡ್ಲಿ ಪಾಪ" ಎಂದರು. ಇದು ಬಸ್ಸಲ್ಲ, ಹೊಟ್ಟೆ ನೆಲಕ್ಕೆ ತಾಗುವ ಕಾರು ಎಂಬುದು ಅವರಿಗೆ ಮರೆತಿತ್ತು. ಬಸ್ಸಿನ ಹುಮ್ಮಸ್ಸಿನಲ್ಲೇ ನುಗ್ಗಿದರು. ಅಷ್ಟರಲ್ಲಿ ಹುಲ್ಲಿನ ನಡುವೆ ಏನೋ ಅಲುಗಿತು. ಒಬ್ಬಳು ಬಗ್ಗಿ ಗಿಡ ಮಗುಚುತ್ತಿದ್ದಳು. ಸೀರೆಯೂ ಹುಲ್ಲಿನದೇ ಬಣ್ಣ.

"ರೀ, ಜನ!" ಎಂದು ಕೂಗಿದೆ.

ಅವರ ಅಂಗೈ ಸ್ಟೇರಿಂಗಿನ ನಡುವೆ ಬಿತ್ತು. ಎರಡು ಸಣ್ಣದು, ಒಂದು ಉದ್ದದ್ದು. ಸದ್ದಿಲ್ಲ. ಮತ್ತೆ ಗುದ್ದಿದರು. ಬ್ರೇಕು ಹಿಡಿಯುವ ಬದಲು ಹಾರನ್ನು ಹುಡುಕುತ್ತಿದ್ದರು. ಹಾರನ್ನು ಕೇಳಿದರೆ ಜನ ಸರಿಯುತ್ತಾರೆ ಎಂಬುದೇ ಅವರು ಜೀವಮಾನವಿಡೀ ಕಲಿತದ್ದು. ನಮ್ಮಿಬ್ಬರ ನಡುವೆ ಹ್ಯಾಂಡ್‌ಬ್ರೇಕಿತ್ತು. ನಾನು ಎರಡೂ ಕೈಯಿಂದ ಅದನ್ನು ಎಳೆದೆ. ಕಾರು ಹುಲ್ಲಿನ ಮೇಲೆ ಜಾರಿ ಅಡ್ಡಡ್ಡ ತಿರುಗಿ ನಿಂತಿತು.

ನಿಂತಾಗ ಆ ಹೆಂಗಸು ನನ್ನ ಕಿಟಕಿಯ ಹತ್ತಿರವಿದ್ದಳು. ಕೈಚಾಚಿದರೆ ಮುಟ್ಟಬಹುದಿತ್ತು. ಇವರು ಇಳಿದು ಆಕೆಯ ಕಡೆ ತಿರುಗಿ, ನನ್ನನ್ನು ಕೇಳಿದರು:

"ಏನೇ ಅದು, ಎಮ್ಮೇನಾ?"

"ಎಮ್ಮೆ ಅಲ್ಲ ಕಣಣ್ಣೋ, ನಾನು ಗಂಗಮ್ಮ!"

ಆ ಗಂಗಮ್ಮ ಪ್ರತಿ ಸಂತೆಗೂ ಇವರ ಬಸ್ಸಿಗೇ ಬರುತ್ತಿದ್ದವಳು, ಇವರ ಹಿಂದಿನ ಸೀಟಿನಲ್ಲೇ ಕೂತು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದವಳು. ಬೈಯಲು ಬಾಯಿ ತೆರೆದವಳು ಹತ್ತಿರ ಬಂದು ಇವರ ಮುಖದ ಮುಂದೆ ಕೈ ಆಡಿಸಿದಳು. ಇವರ ರೆಪ್ಪೆ ಬಡಿಯಲಿಲ್ಲ.

"ಅಯ್ಯೋ ಶಿವನೇ. ಅಕ್ಕ, ಅಣ್ಣಂಗೆ ಕಣ್ ಕಾಣಾಕಿಲ್ವಾ?"

ಸುತ್ತ ಜನ ಸೇರಿದ್ದರು. ಇವರು ನನ್ನ ಕಡೆ ತಿರುಗಿದರು, ನನ್ನ ಕಡೆ ಎಂದರೆ ನನ್ನ ದನಿ ಕೇಳಿದ ಕಡೆ. ಕಾಣುತ್ತದೆ ಎನ್ನುತ್ತೇನೆಂದು ಕಾಯುತ್ತಿದ್ದರು. ನನಗೆ ಒಂದೊಂದೇ ಬೋರ್ಡು, ಒಂದೊಂದೇ ಶಭಾಶು ನೆನಪಾಯಿತು.

"ಇಲ್ಲ ಕಣೇ ಗಂಗಮ್ಮ, ಅವ್ರಿಗೆ ಕಾಣಲ್ಲ" ಎಂದೆ.

ಅಷ್ಟರಲ್ಲಿ ಕಾರಿನ ಕೆಳಗಿಂದ ಹೊಗೆ ಬಂತು. ಒಣಹುಲ್ಲು ಎಂಜಿನ್ನಿನ ಕೆಳಗೆ ಸೈಲೆನ್ಸರ್ ಕೊಳವೆಗೆ ಸುತ್ತಿಕೊಂಡು ಹೊತ್ತಿತ್ತು. ಎಲ್ಲರೂ ಮಣ್ಣು ಎರಚಿದರು, ಹೊಂಡದಿಂದ ನೀರು ತಂದು ಸುರಿದರು. ಮುಂದುಗಡೆಯ ವೈರುಗಳೆಲ್ಲ ಸುಟ್ಟುಹೋದವು. ಹಿಂಭಾಗ ಉಳಿಯಿತು. ಇವರು ಬೇಲಿಯ ಹತ್ತಿರ ನಿಂತಿದ್ದರು. ಬೆಂಕಿಯ ಕಡೆ ಒಮ್ಮೆಯೂ ತಿರುಗಲಿಲ್ಲ. ಗಂಗಮ್ಮ ತನ್ನ ಬುತ್ತಿಯ ಮಜ್ಜಿಗೆ ಕೊಟ್ಟಳು. ಕುಡಿದು, "ನಿನ್ ಹುರುಳಿ ಹಾಳಾಯ್ತಲ್ಲವ್ವ" ಎಂದರು. ಅದೊಂದೇ ಮಾತು. ಮನೆಗೆ ಬಂದ ಮೇಲೆ ಕೀಲಿಯನ್ನು ನನ್ನ ಕೈಗೆ ಹಾಕಿದರು. ನಾನು ಕೇಳಿರಲಿಲ್ಲ.

ಕಣ್ಣಿನ ನರ ಒಣಗಿದೆ, ಬಹಳ ತಡವಾಯಿತು ಎಂದರು ಡಾಕ್ಟರು. ಮೊದಲೇ ಬಂದಿದ್ದರೆ ಇದ್ದಷ್ಟನ್ನಾದರೂ ಉಳಿಸಿಕೊಳ್ಳಬಹುದಿತ್ತಂತೆ.

ಕಾರನ್ನು ಎಳೆಸಿ ತಂದು ಮನೆಯ ಪಕ್ಕ ನಿಲ್ಲಿಸಿದೆವು. ರಿಯಾಜ್ ಬಂದು ನೋಡಿ, ನಾನು ಹೇಳಿದ್ದೆ ಎಂದು ಬಾಯಿ ಬಿಡಲಿಲ್ಲ. ಅವನಲ್ಲಿ ಆ ದೊಡ್ಡತನವಿತ್ತು. ಇವರು ದಿನಾ ಅದರೊಳಗೆ ಹೋಗಿ ಕೂರುತ್ತಿದ್ದರು. ಜಗುಲಿಗಿಂತ ಅಲ್ಲಿ ಅವರಿಗೆ ಸಮಾಧಾನ. ಒಮ್ಮೊಮ್ಮೆ ನಾನು ನೀರು ತರಲು ಹೋಗುವಾಗ ಅದರ ಬಾಗಿಲಿಗೆ ಎರಡು ಸಲ ತಟ್ಟುತ್ತಿದ್ದೆ. "ಎಲ್ಲಿಗೆ?" ಎನ್ನುವರು. "ಚೇಳೂರು" ಎನ್ನುವೆ. ಹಾಗೆಯೇ ಕೆಲವು ವರ್ಷ ಬಾಳಿ ತೀರಿಕೊಂಡರು. ಆಮೇಲೆ ಗುಜರಿಯವನಿಗೆ ಕಾರು ಕೊಟ್ಟೆ. ಹಿಂಬಾಗಿಲು ಮಾತ್ರ ಇಳಿಸಿಕೊಂಡೆ. ನೆನಪಿಗಲ್ಲ, ಅಷ್ಟು ಅಗಲದ ನುಣುಪು ಗಾಜು ಸಂಡಿಗೆಗೆ ಬೇರೆ ಎಲ್ಲಿ ಸಿಗುತ್ತದೆ?

ಆ ಗಾಜಿನ ಒಳಮೈಗೆ ಸಣ್ಣ ತಂತಿಗಳ ಗೆರೆಗಳಿವೆ. ಚಳಿದೇಶದಲ್ಲಿ ಗಾಜಿಗೆ ಮಂಜು ಕವಿದರೆ ಅವು ಬಿಸಿಯಾಗಿ ಅದನ್ನು ಓಡಿಸುತ್ತವಂತೆ. ಹಿಂದೆ ಬರುವುದು ಡ್ರೈವರಿಗೆ ಕಾಣಲಿ ಎಂದು. ಶಿಲ್ಪಾ ಸಂಡಿಗೆಯ ಅಡಿಯಲ್ಲಿ ಕಂಡದ್ದು ಅವುಗಳ ಅಚ್ಚನ್ನೇ.

ಅವಳಿಗೆ ಕಂಡವು. ಅವಳು ಇಳಿದು ಹೋದ ಮೇಲೆ ನಾನು ಕೂತು ಗಾಜನ್ನು ನೋಡಿದೆ, ಓರೆ ಮಾಡಿ ನೋಡಿದೆ, ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಈ ವರ್ಷ ಗೆರೆ ನನಗೆ ಕಾಣಲಿಲ್ಲ. ಬೆರಳಿನಿಂದ ಸವರಿದೆ. ಇದ್ದವು. ಕೆಲವು ದಿನದಿಂದ ಅಕ್ಕಿಯ ಕಲ್ಲನ್ನು ಬೆರಳಿನಿಂದ ಹುಡುಕುತ್ತಿದ್ದೇನೆ, ಬಂದವರನ್ನು ಮೊದಲು ಮಾತಾಡಿಸಿ, ದನಿ ಕೇಳಿ, ಆಮೇಲೆ ಹೆಸರು ಹಿಡಿಯುತ್ತಿದ್ದೇನೆ. ಇದೆಲ್ಲ ಯಾರ ವಿದ್ಯೆ ಎಂದು ನನಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಸಂಡಿಗೆ ಅಲ್ಲೇ ಬಿಟ್ಟು ಗೋಡೆ ಹಿಡಿದು ಮೆಟ್ಟಿಲಿಳಿದೆ. ಶಿಲ್ಪಾ ತುಮಕೂರಿಗೆಂದು ಸ್ಕೂಟರು ಹೊರಗೆ ತೆಗೆಯುತ್ತಿದ್ದಳು.

"ನಂಗೆ ಕಣ್ ಕಾಣ್ತಿಲ್ಲ ಕಣೇ" ಎಂದೆ. "ಆಸ್ಪತ್ರೆಗೆ ಕರ್ಕೊಂಡೋಗು."

"ಅಜ್ಜಿ! ಯಾವಾಗಿಂದ? ಯಾಕ್ ಹೇಳ್ಲಿಲ್ಲ?"

"ಈಗ ಹೇಳಿದ್ನಲ್ಲ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನ ಸೀಟಿನಲ್ಲಿ ಕೂತೆ. ಅವಳು ಕಿಕ್ ಹೊಡೆದು ಇನ್ನೂ ನಿಂತೇ ಇದ್ದಳು, ನಾನು ಸರಿಯಾಗಿ ಕೂತೆನೋ ಇಲ್ಲವೋ ಎಂದು. ನಾನು ಅವಳ ಬೆನ್ನಿಗೆ ಎರಡು ಸಲ ತಟ್ಟಿದೆ.

"ಏನಜ್ಜಿ?"

"ಹೊರಡು ಅಂತ."